ಅರ್ಧ ತೆರಿಗೆಯ ಮನೆ

ಆಡಿಟ್‌ನವರು ಮೂರು ದಿನ ಕೂತು, ನಮ್ಮ ಚಹಾ ಕುಡಿದು, ನಮ್ಮ ವಹಿಗಳನ್ನೆಲ್ಲ ಉಲ್ಟಾ ಪಲ್ಟಾ ಮಾಡಿ ಹೋದರು. ಹದಿನೈದು ದಿನಕ್ಕೆ ಆಕ್ಷೇಪಣೆಗಳ ಪಟ್ಟಿ ಬಂತು. ಅದರಲ್ಲಿ ಏಳನೆಯದು ನನ್ನ ತಲೆಗೆ ಕಟ್ಟಿದ್ದು. ಮಾಜಿ ಸೈನಿಕರಿಗೂ ಮೃತ ಯೋಧರ ಕುಟುಂಬಗಳಿಗೂ ಮನೆ ತೆರಿಗೆಯಲ್ಲಿ ಅರ್ಧ ರಿಯಾಯಿತಿ ಕೊಟ್ಟಿದ್ದೀರಿ, ಅದಕ್ಕೆ ಪೂರಕ ದಾಖಲೆಗಳು ಕಡತದಲ್ಲಿ ಕಂಡುಬಂದಿಲ್ಲ, ಪರಿಶೀಲಿಸಿ ವರದಿ ಮಾಡುವುದು, ಅನರ್ಹರಿಂದ ವ್ಯತ್ಯಾಸದ ಮೊತ್ತ ವಸೂಲು ಮಾಡುವುದು ಎಂದಿತ್ತು. ಕಂಡುಬಂದಿಲ್ಲವಂತೆ! ಇದ್ದರೆ ತಾನೆ ಕಾಣುವುದು.

ನಾನು ಕರ ವಸೂಲಿಗಾರ, ಜನರ ಬಾಯಲ್ಲಿ ಬಿಲ್ ಕಲೆಕ್ಟರ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳ ನಡುವೆಯೇ ವರ್ಗವಾಗುತ್ತ ನನ್ನ ಚಪ್ಪಲಿ ಸವೆದಿವೆ. ಇದು ನಡೆದದ್ದು ಅವುಗಳಲ್ಲಿ ಯಾವ ಊರಿನಲ್ಲಿ ಎಂದು ಹೇಳುವುದಿಲ್ಲ. ಆ ಹೆಣ್ಣುಮಗಳ ಹೆಸರನ್ನೂ ಹೇಳುವುದಿಲ್ಲ.

ಈ ರಿಯಾಯಿತಿ ಯಾರಿಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸೇನೆಯಲ್ಲಿ ದುಡಿದು ನಿವೃತ್ತನಾದವನಿಗೆ, ಇಲ್ಲವೇ ದುಡಿಯುತ್ತಲೇ ಸತ್ತವನ ಹೆಂಡತಿಗೆ. ಮನೆಯ ಖಾತೆ ಅವರ ಹೆಸರಿನಲ್ಲೇ ಇರಬೇಕು. ಅವರೇ ಅಲ್ಲಿ ವಾಸವಿರಬೇಕು, ಬಾಡಿಗೆಗೆ ಬಿಟ್ಟಿರಬಾರದು. ಅದೂ ಒಂದೇ ಮನೆಗೆ. ಪುರಾವೆಯಾಗಿ ಡಿಸ್ಚಾರ್ಜ್ ಪುಸ್ತಕ ಅಥವಾ ಸೈನಿಕ ಕಲ್ಯಾಣ ಕಚೇರಿಯ ಗುರುತಿನ ಚೀಟಿ ಬೇಕು. ಇಷ್ಟಿದ್ದರೆ ಅರ್ಧ ಕಟ್ಟಿದರೆ ಸಾಕು.

ಆದರೆ ನಮ್ಮ ಕಚೇರಿಯಲ್ಲಿ ಪುರಾವೆ ಕೇಳುವ ಪದ್ಧತಿಯೇ ಇರಲಿಲ್ಲ. ಬಿಲ್ ಕೊಡಲು ಹೋದಾಗ ಪಡಸಾಲೆಯ ಗೋಡೆಯ ಮೇಲೆ ಸಮವಸ್ತ್ರದ ಫೋಟೋ ಕಂಡರೆ ವಹಿಯ ಷರಾ ಕಾಲಮಿನಲ್ಲಿ 'ಮಾಜಿ ಸೈನಿಕ, ಅರ್ಧ' ಎಂದು ಬರೆದುಕೊಳ್ಳುವುದು. ಫೋಟೋಕ್ಕೆ ಹಾರ ಹಾಕಿದ್ದರೆ 'ಮೃತ ಯೋಧನ ಕುಟುಂಬ, ಅರ್ಧ'. ನನಗೆ ಕೆಲಸ ಕಲಿಸಿದ ಹಿರಿಯರು ಹೀಗೇ ಕಲಿಸಿದ್ದು. ಮರುವರ್ಷ ಹೊಸ ವಹಿಗೆ ಹಳೆಯ ಷರಾ ನಕಲಾಗುತ್ತಿತ್ತು. ಕಂಪ್ಯೂಟರ್ ಬಂದಾಗ ಅದೇ ಷರಾ ಕಂಪ್ಯೂಟರಿಗೂ ಏರಿತು, ರಸೀದಿಯಲ್ಲೂ ಅಚ್ಚಾಗತೊಡಗಿತು. ಹಾರ ಹಾಕಿದ ಫೋಟೋದ ಮುಂದೆ ನಿಂತು 'ಕಾಗದ ತೋರಿಸಿ' ಎನ್ನುವ ಮುಖ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನನ್ನ ವಾರ್ಡುಗಳಲ್ಲಿ ಇಂಥ ಮನೆಗಳು ಹದಿನಾಲ್ಕು. ಬಿಸಿಲು ಏರುವ ಮೊದಲೇ ಪರಿಶೀಲನಾ ನಮೂನೆಗಳ ಕಟ್ಟು ಹಿಡಿದು ಹೊರಟೆ. ಮೊದಲ ಮನೆ ನಿವೃತ್ತ ಸುಬೇದಾರರದು. ಊರಿನ ಮಾಜಿ ಸೈನಿಕರಿಗೆಲ್ಲ ಹಿರಿಯಣ್ಣನಂಥವರು. ನಾನು ಬಾಯಿ ಬಿಡುವ ಮೊದಲೇ ಡಿಸ್ಚಾರ್ಜ್ ಪುಸ್ತಕ ತಂದು ಕೈಗಿಟ್ಟರು.

"ರಿಟೈರ್ ಆಗಿ ಬಂದಾಗಿಂದ ತೋರ್ಸಬೇಕು ಅಂತ ಕಾಯಾಕತ್ತೀನಿ. ನೀವು ಒಬ್ರರ ಕೇಳಿದ್ರೇನು? ಗೋಡಿ ನೋಡೋದು, ಬರಕೊಳ್ಳೋದು, ಹೋಗೋದು. ನಾನು ನಾಟಕದ ಡ್ರೆಸ್ ಹಾಕ್ಕೊಂಡು ಫೋಟೋ ತೆಗಿಸಿದ್ರ ಏನ್ಮಾಡ್ತಿದ್ರಿ?" ಎಂದು ನಕ್ಕರು. ನಾನೂ ನಕ್ಕೆ. ಆಗ ಇನ್ನೂ ನಗು ಬರುತ್ತಿತ್ತು.

ಮೂರನೆಯ ಮನೆಯಲ್ಲಿ ಬಾಡಿಗೆಯವರು ಸಿಕ್ಕರು. ಮಾಲೀಕ ಮಾಜಿ ಸೈನಿಕ ಹೌದು, ಆದರೆ ಹಂಪಸಾಗರದ ಹತ್ತಿರ ಹೊಲದ ಮನೆಯಲ್ಲಿದ್ದಾನೆ. ಸ್ವಂತ ವಾಸವಿಲ್ಲ, ರಿಯಾಯಿತಿ ಇಲ್ಲ. ಫೋನಿನಲ್ಲಿ ನನ್ನ ಜನ್ಮ ಜಾಲಾಡಿದ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬಿಡಲಿಲ್ಲ, ತಿರುಗಿ ಬೈದೆ. ಆರನೆಯ ಮನೆಯ ಖಾತೆ ಎಂದೋ ತೀರಿಹೋದ ಅಪ್ಪನ ಹೆಸರಿನಲ್ಲೇ ಇತ್ತು. ಹಕ್ಕು ಬದಲಾವಣೆ ಮಾಡಿಸಿಕೊಂಡು ಬನ್ನಿ ಎಂದು ಅರ್ಜಿ ಬರೆಸಿಕೊಂಡೆ. ಹೀಗೆ ಒಂದೊಂದನ್ನೇ ಬಿಡಿಸುತ್ತ ಹದಿಮೂರು ಮುಗಿಸಿದೆ. ಹದಿನಾಲ್ಕನೆಯದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಆ ಮನೆಯ ಷರಾ ಬರೆದವನು ನಾನೇ.

ಆ ಮನೆಯ ಯಜಮಾನ ಬರುವಾಗ ಪೆಟ್ಟಿಗೆಯಲ್ಲಿ ಬಂದಿದ್ದ. ಗಡಿಯಲ್ಲಿ ಗುಂಡು ಬಿದ್ದಿತ್ತು. ಅವತ್ತು ಬೆಳಿಗ್ಗೆ ಬಸ್ ನಿಲ್ದಾಣದಿಂದ ಅವನ ಮನೆಯವರೆಗೆ ರಸ್ತೆ ಗುಡಿಸಿಸಿ ಎರಡೂ ಬದಿಗೆ ಬ್ಲೀಚಿಂಗ್ ಪುಡಿಯ ಗೆರೆ ಎಳೆಸಿದ್ದು ನಾನು. ಶಾಲೆ ಮಕ್ಕಳು ಸಾಲಾಗಿ ನಿಂತಿದ್ದರು. ಧ್ವಜ ಹೊದಿಸಿದ ಪೆಟ್ಟಿಗೆ ಹೆಗಲ ಮೇಲೆ ಹೋಗುವಾಗ ಊರು ಊರೇ ಘೋಷಣೆ ಕೂಗಿತು, ನಾನೂ ಗಂಟಲು ಹರಿಯುವಂತೆ ಕೂಗಿದೆ. ಅವನ ಹೆಂಡತಿ, ಆ ಹೆಣ್ಣುಮಗಳು ಮಾತ್ರ ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತಿದ್ದಳು. ಸೊಂಟದ ಮೇಲೆ ಪುಟ್ಟ ಮಗಳು. ಮರುವರ್ಷ ಬಿಲ್ ಕೊಡಲು ಹೋದಾಗ ಗೋಡೆಯ ಮೇಲೆ ಹಾರದ ಫೋಟೋ ನೋಡಿದೆ. ಆಕೆ ಏನೂ ಕೇಳಲಿಲ್ಲ. ನಾನೇ 'ಮೃತ ಯೋಧನ ಕುಟುಂಬ, ಅರ್ಧ' ಎಂದು ಬರೆದೆ. ಏನೋ ದೊಡ್ಡ ಕೆಲಸ ಮಾಡಿದೆನೆಂದು ಆ ದಿನವೆಲ್ಲ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಅಂದಿನಿಂದ, ನಡುವೆ ವರ್ಗವಾಗಿ ಹೋಗಿ ಬಂದರೂ, ಆಕೆಗೆ ನಾನು ಅಣ್ಣ. ಕುಟುಂಬ ಪಿಂಚಣಿಯಲ್ಲಿ ಅಚ್ಚುಕಟ್ಟಾಗಿ ಸಂಸಾರ ಮಾಡಿ ಮಗಳನ್ನು ನರ್ಸಿಂಗ್ ಓದಿಸಿದಳು. ಮಗಳು ಈಗ ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ನನ್ನ ಕೈಯಲ್ಲಿ ನಮೂನೆ ನೋಡಿ ಆಕೆಗೆ ಆಶ್ಚರ್ಯವಾಯಿತು.

"ಯಾಕ್ರಿ ಅಣ್ಣಾರ? ಈ ವರ್ಷದ್ದು ಕಟ್ಟೀನಲ್ಲ."

"ಬಿಲ್ಲಿಗೆ ಬಂದಿಲ್ಲ ತಂಗಿ. ಮ್ಯಾಲಿನವರು ಕಾಗದ ಕೇಳ್ಯಾರ. ಡಿಸ್ಚಾರ್ಜ್ ಪುಸ್ತಕ ಅಂತ ಇರ್ತೈತಲ್ಲ, ಅದು ಐತೇನು?"

"ಯಾವುದು ಏನು ಅಂತ ನನಗ ತಿಳಿಯಂಗಿಲ್ರಿ. ಅವರದೆಲ್ಲಾ ಒಂದ ಕಡಿ ಇಟ್ಟೀನಿ. ಕುಂದರ್ರಿ, ತರ್ತೀನಿ."

ಪೆಟ್ಟಿಗೆಯಿಂದ ಒಂದು ದಪ್ಪ ಕವರ್ ತಂದಳು. ಒಳಗೆ ಎಲ್ಲ ಇಂಗ್ಲಿಷು, ಹಿಂದಿ. ಬೇಕಾದದ್ದು ಕಾಣಲಿಲ್ಲ. ಅದೇ ಕವರಿನಲ್ಲಿ ಬೇರೆ ದಾರದಿಂದ ಕಟ್ಟಿದ ನಮ್ಮ ಕಚೇರಿಯ ರಸೀದಿಗಳೂ ಇದ್ದವು, ಒಂದೂ ಮಡಿಕೆ ಬೀಳದಂತೆ. ಮನೆ ತೆರಿಗೆ ರಸೀದಿಯನ್ನು ಹೀಗೆ ಇಟ್ಟುಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಸೇವಾ ಕಾಗದಗಳ ಜೆರಾಕ್ಸ್ ಮಾಡಿಸಿಕೊಂಡು ನೇರ ಸುಬೇದಾರರ ಮನೆಗೆ ಹೋದೆ.

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದು ಸೇನಿ ಅಲ್ಲಪ," ಎಂದರು.

"ಅಂದ್ರ?"

"ಬ್ಯಾರೆ ಪಡೆ. ಗಡಿ ಅವರೂ ಕಾಯ್ತಾರ, ಗುಂಡು ಅವರಿಗೂ ಬೀಳ್ತಾವ. ಆದ್ರ ಅವರು ಗೃಹ ಇಲಾಖಿಗೆ ಬರ್ತಾರ, ನಾವು ರಕ್ಷಣಾ ಇಲಾಖಿ. ಮಾಜಿ ಸೈನಿಕ ಅನ್ನೋದ್ರೊಳಗ ಅವರನ್ನ ಹಿಡಿಯಂಗಿಲ್ಲ. ಡಿಸ್ಚಾರ್ಜ್ ಪುಸ್ತಕ ಅವರಿಗೆ ಇರೋದೂ ಇಲ್ಲ."

"ಹಂಗಾದ್ರ ಆತ ಯೋಧ ಅಲ್ಲೇನ್ರಿ?"

ಅವರಿಗೆ ಸಿಟ್ಟೇ ಬಂತು. "ನಾ ಹಂಗಂದ್ನೇನು? ನಾನು ಪಿಂಚಣಿ ತಗೊಂಡು ಗುಂಡಗ ಕುಂತೀನಿ. ಆತ ಸತ್ತಾನ. ಆದ್ರ ನಿನ್ನ ರೂಲ್ಸ್ ಒಳಗ ನಾನು ಬರ್ತೀನಿ, ಆತ ಬರಂಗಿಲ್ಲ. ಹಿಂಗೈತಿ ನೋಡು."

ನಮ್ಮ ಕಡೆ ಖಾಕಿಯೋ ಹಸಿರೋ ಚುಕ್ಕಿ ಅಂಗಿಯೋ, ಯಾವುದನ್ನು ಹಾಕಿಕೊಂಡು ಉತ್ತರದ ರೈಲು ಹತ್ತಿದರೂ ಅವನು 'ಮಿಲ್ಟ್ರಿಗೆ ಹೋಗ್ಯಾನ'. ಅದರಲ್ಲಿ ಎಷ್ಟು ಪಡೆ, ಯಾವ ಪಡೆ ಯಾವ ಇಲಾಖೆ ಎಂದು ಯಾರೂ ವಿಚಾರಿಸುವುದಿಲ್ಲ. ಹೆಂಡತಿಗೂ ಗೊತ್ತಿರಲಿಲ್ಲ, ಘೋಷಣೆ ಕೂಗಿದ ನಮಗೂ ಗೊತ್ತಿರಲಿಲ್ಲ. ಜನ ಹಾಗೆನ್ನಲಿ, ಅವರಿಗೆ ನಡೆಯುತ್ತದೆ. ಸರ್ಕಾರದ ಸಂಬಳ ತಿಂದು ನಾನು ಹಾಗೆಂದುಕೊಂಡು ವಹಿಯಲ್ಲಿ ಬರೆದದ್ದು ತಪ್ಪು. ಅದನ್ನು ಒಪ್ಪಿಕೊಳ್ಳುತ್ತೇನೆ.

ಮರುದಿನ ಹೋಗಿ ಹೇಳಿದೆ. ಹೇಗೆ ಹೇಳಿದೆನೋ, ಅರ್ಧ ನೆಲ ನೋಡಿಕೊಂಡೇ ಹೇಳಿದೆ.

"ರೊಕ್ಕದ್ದು ಬಿಡ್ರಿ ಅಣ್ಣಾರ, ಪೂರಾ ಕಟ್ತೀನಿ," ಎಂದಳು. "ಆದ್ರ ಆ ರಸೀದಿ ಒಳಗ 'ಮೃತ ಯೋಧನ ಕುಟುಂಬ' ಅಂತ ಬರ್ತೈತಲ್ಲ, ಅದನ್ನ ತೆಗೀಬ್ಯಾಡ್ರಿ. ಊರಾಗ ಅವರ ಹೆಸರಿಂದು ಒಂದು ಕಲ್ಲಿಲ್ಲ, ಒಂದು ಬೋರ್ಡಿಲ್ಲ. ಹೊತಗೊಂಡು ಹೋಗಿ ಬಂದವರು ಮರುದಿನಕ್ಕ ಮರತ್ರು. ಅವರು ಏನಾಗಿದ್ರು ಅಂತ ಈ ಊರಿನ ಕಾಗದದಾಗ ಇರೋದು ಅದೊಂದ."

"ನೋಡ್ತೀನಿ ತಂಗಿ. ನಾ ಅದೀನಲ್ಲ," ಎಂದೆ. ಆ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಎಷ್ಟು ಸಲ ಆಡಿದ್ದೇನೋ, ಲೆಕ್ಕವಿಲ್ಲ.

ಕಚೇರಿಗೆ ಬಂದು ಕಂಪ್ಯೂಟರ್ ಆಪರೇಟರಮ್ಮನ ಪಕ್ಕ ಕುರ್ಚಿ ಎಳೆದುಕೊಂಡೆ. ಪೂರಾ ತೆರಿಗೆ ಹಾಕಿ ಷರಾ ಮಾತ್ರ ಉಳಿಸಲು ಬರುತ್ತದೆಯೇ ಎಂದು ಕೇಳಿದೆ. ಆಕೆ ಹತ್ತು ಕಡೆ ಒತ್ತಿ ನೋಡಿ ತಲೆಯಾಡಿಸಿದಳು. "ಇಲ್ರಿ ಸಾರ್. ಷರಾ ಬೇಕಂದ್ರ ರಿಯಾಯ್ತಿ ಕೋಡ್ ಇರಬೇಕು. ಕೋಡ್ ಇರಬೇಕಂದ್ರ, ಆಡಿಟ್ ಆದಾಗಿಂದ, ಡಿಸ್ಚಾರ್ಜ್ ಪುಸ್ತಕದ ನಂಬರ್ ಹಾಕಬೇಕು. ಇಲ್ಲಾಂದ್ರ ಕೆಂಪು ಚುಕ್ಕಿ ತೋರಿಸ್ತೈತಿ, ಮುಂದಕ್ಕ ಹೋಗಂಗಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಏನರ ಒಂದು ನಂಬರ್ ಹಾಕಿದ್ರ ತಗೊಂತೈತ್ರಿ. ಅದಕ್ಕೇನು ಗೊತ್ತಾಗ್ತೈತಿ?"

ನಿಜ ಹೇಳಬೇಕೆಂದರೆ ಮನಸ್ಸು ಅತ್ತ ವಾಲಿತು. ಹೋದ ವರ್ಷ ತೀರಿಕೊಂಡ ಒಬ್ಬ ಮಾಜಿ ಸೈನಿಕರ ಪುಸ್ತಕದ ಸಂಖ್ಯೆ, ಈ ಸುತ್ತಿನಲ್ಲಿ ಅವರ ಮನೆಯಿಂದ ತಂದದ್ದು, ನನ್ನ ಕಡತದಲ್ಲೇ ಇತ್ತು. ಚೀಟಿಯಲ್ಲಿ ಬರೆದುಕೊಂಡೂ ಬಿಟ್ಟೆ. ಸಂಜೆಯವರೆಗೆ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಹರಿದು ಚರಂಡಿಗೆ ಹಾಕಿದೆ. ಸತ್ಯವಂತನೆಂದಲ್ಲ, ನಿವೃತ್ತಿಗೆ ಎರಡು ವರ್ಷ ಇಟ್ಟುಕೊಂಡು ಸಸ್ಪೆಂಡ್ ಆಗುವ ಹೆದರಿಕೆ.

ಆಮೇಲೆ ಸರಿಯಾದ ದಾರಿ ಹಿಡಿದೆ, ಅಂದರೆ ಪತ್ರ ಬರೆದೆ. ಗಡಿ ಪಡೆಯ ಮೃತ ಸಿಬ್ಬಂದಿಯ ಪತ್ನಿಯನ್ನು ಈ ರಿಯಾಯಿತಿಗೆ ಪರಿಗಣಿಸಬಹುದೇ, ಸ್ಪಷ್ಟೀಕರಣ ನೀಡಬೇಕಾಗಿ ಕೋರಿಕೆ. ಸಹಿ ಮಾಡಿಸಿ ಮೇಲಿನ ಕಚೇರಿಗೆ ಕಳಿಸಿದೆ. ಎರಡು ಸಲ ಬಸ್ ಹತ್ತಿ ನಾನೇ ಹೋದೆ. ಮೊದಲ ಸಲ ಸಂಬಂಧಪಟ್ಟವರು ಮೀಟಿಂಗಿನಲ್ಲಿದ್ದರು. ಎರಡನೆಯ ಸಲ ಪತ್ರವೇ ಸಿಗಲಿಲ್ಲ. ಇನ್ನೊಂದು ಪ್ರತಿ ಕೊಟ್ಟು ಬಂದೆ. ತಿಂಗಳ ಮೇಲೆ ಉತ್ತರ ಬಂತು. ಮೂರು ಸಾಲಿನ ಉಲ್ಲೇಖಗಳ ಕೆಳಗೆ ಒಂದೇ ಸಾಲು: 'ನಿಯಮಾನುಸಾರ ಕ್ರಮ ವಹಿಸುವುದು.' ಥೂ! ನಿಯಮ ಏನೆಂದು ಕೇಳಿದ್ದಕ್ಕೆ ನಿಯಮದಂತೆ ಮಾಡು ಎಂಬ ಉತ್ತರ. ಆ ಕಾಗದವನ್ನು ಮೇಜಿಗೆ ಬಡಿದು ಇಟ್ಟೆ.

ಅಷ್ಟರಲ್ಲಿ ಆಕ್ಷೇಪಣೆಗೆ ಉತ್ತರ ಕೊಡುವ ಗಡುವು ಬಂತು. ಮುಖ್ಯಾಧಿಕಾರಿಗಳು ಒಳಗೆ ಕರೆದರು. ಮೈಸೂರಿನ ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೆಟ್ಟವರಲ್ಲ.

"ಹದಿನಾಲ್ಕರಲ್ಲಿ ಹದಿಮೂರು ಆಯ್ತಲ್ಲ. ಇದೊಂದನ್ನು ಯಾಕೆ ಹಿಡ್ಕೊಂಡು ಕೂತಿದ್ದೀರಿ?"

ನಾನು ಎಲ್ಲ ಹೇಳಿದೆ. ಅವರು ಕೇಳಿ, ಕಾಯ್ದೆಯ ಪುಸ್ತಕ ತೆಗೆದು ಒಂದು ಪುಟ ಹುಡುಕಿದರು. "ನೋಡಿ, ಇನ್ನೊಂದು ದಾರಿ ಇದೆ. ಬಡತನದ ಕಾರಣ ತೆರಿಗೆ ಕಟ್ಟಲು ಅಶಕ್ತರಾದವರಿಗೆ ಸಭೆ ವಿನಾಯಿತಿ ಕೊಡಬಹುದು. ಅರ್ಧ ಅಲ್ಲ, ಪೂರ್ತಿ, ಹಳೆಯ ವ್ಯತ್ಯಾಸವೂ ಸೇರಿ. ನಿಮ್ಮ ಸ್ಥಳ ಪರಿಶೀಲನಾ ವರದಿ, ಒಂದು ಪಂಚನಾಮೆ ಇದ್ದರೆ ಸಾಕು. ಈ ಸಲದ ಸಭೆಯಲ್ಲೇ ಇಡೋಣ. ಆಯಮ್ಮನಿಗೂ ಒಳ್ಳೆಯದು, ನಿಮ್ಮ ಕುತ್ತಿಗೆಯೂ ಉಳಿಯುತ್ತೆ."

ನನಗೆ ಒಮ್ಮೆಲೇ ಹಗುರಾಯಿತು. ಅರ್ಧ ಹೋದರೆ ಹೋಯಿತು, ಪೂರ್ತಿಯೇ ಮಾಫಿ! ಆಕೆ ಬೇಡಿದ್ದು ಏನು, ನಾನು ಕೊಡಹೊರಟದ್ದು ಏನು ಎಂದು ಅರೆಗಳಿಗೆ ನಿಂತು ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ ಎಂದರೆ ಅದೂ ಪೂರಾ ನಿಜವಲ್ಲ. ಕೇಳಿದರೆ ಬೇಡ ಅನ್ನುತ್ತಾಳೆ ಎಂದು ಒಳಗೊಳಗೇ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಆ ಮನೆ ಕಚೇರಿಯಿಂದ ಹತ್ತು ನಿಮಿಷದ ದಾರಿ. ಮುಖ್ಯಾಧಿಕಾರಿಗಳ ಕೋಣೆಯಿಂದ ಹೊರಗೆ ಬಂದವನು ಆ ಕಡೆ ಹೋಗದೆ ನನ್ನ ಮೇಜಿಗೆ ಹೋಗಿ ಕೂತೆ.

ಪಂಚನಾಮೆಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಕಚೇರಿ ಎದುರಿನ ಚಹಾ ಅಂಗಡಿಯಲ್ಲಿ ನಮ್ಮ ಖಾಯಂ ಪಂಚರು ಇಬ್ಬರು ಇರುತ್ತಾರೆ. ಯಾವ ವಾರ್ಡಿನ ಯಾವ ಮನೆಯಾದರೂ ಅವರು ಕಣ್ಣಾರೆ ನೋಡಿರುತ್ತಾರೆ. ಒಂದೊಂದು ಚಹಾ, ಒಂದೊಂದು ಸಹಿ. ನನ್ನ ವರದಿಯನ್ನು ನಾನೇ ಬರೆದೆ: 'ಸದರಿ ಮಹಿಳೆಯು ವಿಧವೆಯಾಗಿದ್ದು, ಯಾವುದೇ ನಿಶ್ಚಿತ ಆದಾಯವಿರುವುದಿಲ್ಲ. ಆಸರೆಯಾಗಿ ಯಾರೂ ಇರುವುದಿಲ್ಲ. ಕಡು ಬಡತನದಲ್ಲಿ ಜೀವನ ಸಾಗಿಸುತ್ತಿರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿರುತ್ತದೆ.' ಪಿಂಚಣಿ ಇದೆ, ದುಡಿಯುವ ಮಗಳಿದ್ದಾಳೆ, ಮನೆ ಕನ್ನಡಿಯ ಹಾಗಿದೆ. ಎಲ್ಲ ಗೊತ್ತಿದ್ದೂ ಬರೆದೆ. ಹಿಂದೆ ಬರೆದದ್ದು ತಿಳಿಯದೆ ಮಾಡಿದ ತಪ್ಪು. ಇದು ತಿಳಿದೇ ಮಾಡಿದ್ದು. ಆದರೂ ಅವತ್ತು ಅಕ್ಷರ ಮುತ್ತಿನಂತೆ ಬಂದವು.

ಸಭೆಯಲ್ಲಿ ಚರಂಡಿ, ಬೀದಿ ದೀಪ, ನೀರಿನ ಗಲಾಟೆ ಮುಗಿಯುವ ಹೊತ್ತಿಗೆ ಎಲ್ಲರಿಗೂ ಹಸಿವಾಗಿತ್ತು. ಅಶಕ್ತರ ಪಟ್ಟಿಯಲ್ಲಿ ಆರು ಹೆಸರು. ಓದಿದರು, ಮೇಜು ಕುಟ್ಟಿದರು, ಠರಾವಾಯಿತು. ಆ ವಾರ್ಡಿನ ಸದಸ್ಯ ಮಾತ್ರ ನನ್ನ ಕಡೆ ತಿರುಗಿ, "ಆ ಮನಿಯವರು ಚಲೋ ಅದಾರಲ್ರಿ?" ಎಂದ. "ಹೊರಗಿಂದ ನೋಡಿದ್ರ ಹಂಗ ಕಾಣ್ತೈತ್ರಿ," ಎಂದೆ. ಸುಳ್ಳು ಒಮ್ಮೆ ಬರೆದ ಮೇಲೆ ಹೇಳುವುದು ಕಷ್ಟವಲ್ಲ.

ಠರಾವಾದ ಪಟ್ಟಿಯನ್ನು ಮೂವತ್ತು ದಿನ ಸೂಚನಾ ಫಲಕದಲ್ಲಿ ಹಾಕಬೇಕು, ಯಾರದಾದರೂ ತಕರಾರಿದ್ದರೆ ಕೊಡಲಿ ಎಂದು. ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ಫಲಕವನ್ನು ಆಡು ಬಿಟ್ಟರೆ ಬೇರೆ ಯಾರೂ ತಿರುಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಪರೇಟರಮ್ಮ ದಪ್ಪಕ್ಷರದ ತಲೆಬರಹ ಹಾಕಿ ತೆಗೆದುಕೊಟ್ಟಳು: 'ಬಡತನದ ಕಾರಣ ತೆರಿಗೆ ಪಾವತಿಸಲು ಅಶಕ್ತರಾದವರ ಪಟ್ಟಿ.' ನಾಲ್ಕನೆಯ ಸಾಲಿನಲ್ಲಿ ಆಕೆಯ ಹೆಸರು, ಅದರ ಮುಂದೆ 'ಕೋಂ ದಿವಂಗತ' ಎಂದು ಆತನ ಹೆಸರು, ಮನೆ ನಂಬರು. ಅಂಟು ಹಚ್ಚಿ ಅಂಟಿಸಿದ್ದು ನಾನೇ.

ಫಲಕ ಯಾರೂ ಓದುವುದಿಲ್ಲ ನಿಜ. ಆದರೆ ಯಾರೋ ಒಬ್ಬ ತನ್ನ ಹೆಸರು ಯಾಕಿಲ್ಲ ಎಂದು ಜಗಳಕ್ಕೆ ಬಂದವನು ಅದರ ಫೋಟೋ ತೆಗೆದು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಅದು ಊರು ದಾಟಿತ್ತು.

ಮರುದಿನ ಹನ್ನೊಂದು ಗಂಟೆಗೆ ಆಕೆ ಬಂದಳು. ಕೌಂಟರಿನ ಮುಂದೆ ನಾಲ್ಕು ಜನ ಇದ್ದರು. ಸರದಿಯಲ್ಲೇ ನಿಂತಳು. ನಾನು "ಬಾ ತಂಗಿ, ಒಳಗ ಬಾ" ಎಂದೆ. ಬರಲಿಲ್ಲ. ತನ್ನ ಸರದಿ ಬಂದ ಮೇಲೆ ಫೋನ್ ತೆರೆದು ಆ ಫೋಟೋವನ್ನು ಕಿಟಕಿಯಲ್ಲಿ ನನ್ನ ಕಡೆ ತಿರುಗಿಸಿ ಹಿಡಿದಳು.

"ಇದನ್ನ ಯಾರು ಬರದ್ರು ಅಣ್ಣಾರ?"

"ನಾನ ತಂಗಿ. ನಿನಗ ಒಳ್ಳೇದಾಗ್ಲಿ ಅಂತ. ಪೂರಾ ಮಾಫಿ ಆಗ್ತೈತಿ..."

"ಮಗಳು ಡ್ಯೂಟಿ ಒಳಗಿಂದ ಫೋನ್ ಮಾಡಿದ್ಲು. ಜೋಡಿ ಕೆಲಸ ಮಾಡೋರು ತೋರಿಸಿದ್ರಂತ. 'ಅವ್ವಾ, ನಾವು ಯಾವಾಗ ಬಡವರಾದ್ವಿ?' ಅಂತ ಕೇಳಿದ್ಲು. ನನಗ ಗೊತ್ತಿಲ್ಲವ್ವ, ಬರದವರನ್ನ ಕೇಳಿ ಹೇಳ್ತೀನಿ ಅಂದೆ."

ನನ್ನ ಬಾಯಿ ಜೋರು. ಇಡೀ ಊರು ಬಲ್ಲದು. ಅವತ್ತು ಮೇಜಿನ ಮೇಲಿನ ರಸೀದಿ ಕಟ್ಟನ್ನು ಆಚೆ ಈಚೆ ಸರಿಸುತ್ತ ಕೂತೆ. ಹಿಂದೆ ನಿಂತವರು ಕತ್ತು ಚಾಚಿ ಫೋನ್ ನೋಡತೊಡಗಿದರು.

"ಅರ್ಧ ಮಾಡ್ರಿ ಅಂತ ನಾನು ಯಾವತ್ತರ ಕೇಳಿದ್ನೇನ್ರಿ?" ಆಕೆಯ ದನಿ ಏರಲಿಲ್ಲ. "ಅವಾಗೂ ನೀವ ಬರದ್ರಿ, ಈಗೂ ನೀವ ಬರದ್ರಿ. ನಾನು ಕೇಳಿದ್ದು ಒಂದ ಮಾತು. ಅದು ಆಗಂಗಿಲ್ಲ ಅಂದಿದ್ರ ಆಗಂಗಿಲ್ಲ ಅಂತ ತಿಳಕೊಂತಿದ್ದೆ. ಅವರು ಯೋಧ ಅಲ್ಲ ಅಂತ ನಿಮ್ಮ ಕಾಗದ ಹೇಳಿದ್ರ ಹೇಳ್ಲಿ. ಹೆಂಡ್ತಿ ಮಗಳನ್ನ ದಿಕ್ಕಿಲ್ದಂಗ ಮಾಡಿ ಹೋದವರು ಅಂತ ಊರಿಗೆಲ್ಲಾ ಹಚ್ಚಿ ತೋರಿಸಿದ್ರಲ್ಲ, ಇದೇನ್ರಿ ಇದು?"

ಹಿಂದಿನ ವರ್ಷಗಳ ಅರ್ಧ ಎಷ್ಟಾಗುತ್ತದೆ, ಹೇಳಿ ಎಂದಳು. ಅದನ್ನು ನನ್ನ ಸಂಬಳದಿಂದ ತುಂಬುತ್ತೇನೆ ಎಂದು ಬಾಯಿಗೆ ಬಂದದ್ದನ್ನು, ಪುಣ್ಯ, ನುಂಗಿಕೊಂಡೆ. ಅಷ್ಟಾದರೂ ಬುದ್ಧಿ ಬಂದಿತ್ತು. ಆಪರೇಟರಮ್ಮ ಕಣ್ಣೆತ್ತದೆ ಲೆಕ್ಕ ತೆಗೆದಳು. ಆ ಹೆಣ್ಣುಮಗಳು ಎಲ್ಲವನ್ನೂ ಅಲ್ಲೇ ತುಂಬಿದಳು. "ನನ್ನ ಹೆಸರು ಅಲ್ಲಿಂದ ತೆಗೀರಿ," ಎಂದಷ್ಟೇ ಹೇಳಿ ಹೋದಳು.

ತೆಗೆಯುವುದು ಬರೆದಷ್ಟು ಸುಲಭವಿರಲಿಲ್ಲ. ಮುಖ್ಯಾಧಿಕಾರಿಗಳ ಮುಂದೆ ಹೋಗಿ ನಿಂತೆ. ಠರಾವನ್ನು ಇನ್ನೊಂದು ಠರಾವೇ ತೆಗೆಯಬೇಕು, ಸಭೆ ಮುಂದಿನ ತಿಂಗಳು, ಅಲ್ಲಿಯವರೆಗೆ ಪಟ್ಟಿ ಇಳಿಸುವಂತಿಲ್ಲ ಎಂದರು. "ಸಾರ್, ನನ್ನ ವರದಿ ಸುಳ್ಳು," ಎಂದೆ. ಅವರು ನನ್ನನ್ನೇ ನೋಡಿದರು. "ಹಾಗಂತ ಬರೆದು ಕೊಡ್ತೀರಾ?" ಬರೆದು ಕೊಟ್ಟೆ. ಅದಕ್ಕೆ ನನಗೆ ನೋಟಿಸ್ ಬಂತು, ಒಂದು ವಾರ್ಷಿಕ ವೇತನ ಬಡ್ತಿ ತಡೆಹಿಡಿದರು. ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಪಟ್ಟಿ ಅಲ್ಲೇ ಇತ್ತು. ದಿನಾ ಬೆಳಿಗ್ಗೆ ಕಚೇರಿಗೆ ಬರುವಾಗ ಮೊದಲು ಕಾಣುವುದು ಅದೇ. ಎಂಟನೆಯ ದಿನ ತಡೆಯಲಾರದೆ ಬಾಲ್‌ಪೆನ್ನಿನಿಂದ ನಾಲ್ಕನೆಯ ಸಾಲನ್ನು ಗೀಚಿ ಗೀಚಿ ಅಳಿಸಿದೆ. ಅದು ಇನ್ನೊಂದು ಎಡವಟ್ಟು. ಅಲ್ಲಿಯವರೆಗೆ ತಿರುಗಿ ನೋಡದವರೂ ನಿಂತು "ಇದ್ಯಾರದ್ರಿ ಹೆಸರು ಹೊಡದಾರ?" ಎಂದು ಕೇಳತೊಡಗಿದರು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿದರು. ಮುಂದಿನ ಸಭೆಯಲ್ಲಿ ಹೆಸರು ಕೈಬಿಟ್ಟ ಮೇಲೆ, ಅದನ್ನೂ ಪ್ರಕಟಿಸಬೇಕಲ್ಲ, ಬೇರೆ ಹಾಳೆ ಅಂಟಿಸಿದರು: 'ಅಶಕ್ತರ ಪಟ್ಟಿಯಿಂದ ಕೈಬಿಡಲಾದವರು.' ಆ ಹಾಳೆಯಲ್ಲಿ ಆಕೆಯದು ಒಂದೇ ಹೆಸರು. ಇನ್ನೂ ಮೂವತ್ತು ದಿನ.

ಸುಬೇದಾರರು ಒಂದು ದಿನ ದಾರಿಯಲ್ಲಿ ಸಿಕ್ಕು, ನಿಲ್ಲಿಸಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ನಾಲ್ಕು ಮಂದಿ ಹೋಗಿ ಆ ಪಡೆಯವರಿಗೂ ಕೊಡ್ರಿ ಅಂತ ಮನವಿ ಕೊಟ್ಟು ಬಂದೀವಿ. ಆ ಹೆಣ್ಮಗಳನ್ನೂ ಸಹಿ ಕೇಳಿದ್ವಿ. ಬ್ಯಾಡಂದ್ಲು," ಎಂದರು.

ನಾನು ಆ ಓಣಿಗೆ ಹೋಗುವುದನ್ನು ಬಿಟ್ಟೆ. ಆ ವಾರ್ಡಿನ ಬಿಲ್‌ಗಳನ್ನು ಇನ್ನೊಬ್ಬರಿಗೆ ಹಚ್ಚಿ ಕೌಂಟರಿನಲ್ಲೇ ಕೂತೆ. ಕ್ಷಮೆ ಕೇಳಬೇಕೆಂದು ಎರಡು ಸಲ ಆ ತಿರುವಿನವರೆಗೆ ಹೋಗಿ ಹಿಂದಿರುಗಿದ್ದೇನೆ. ಕೇಳದೆ ಎರಡು ಸಲ ಬರೆದದ್ದು ಸಾಲದೆಂದು ಆಕೆಯ ಮನೆ ಬಾಗಿಲಿಗೆ ಹೋಗಿ ನನ್ನ ಮನಸ್ಸು ಹಗುರ ಮಾಡಿಕೊಳ್ಳುವುದು ಯಾಕೆ ಅನಿಸಿತು. ಆ ವರ್ಷ ಹಾಗೇ ಕಳೆಯಿತು.

ಹೊಸ ವರ್ಷದ ತೆರಿಗೆ ಏಪ್ರಿಲ್‌ನಲ್ಲಿ ಶುರು. ಆ ತಿಂಗಳೊಳಗೆ ಕಟ್ಟಿದವರಿಗೆ, ಯಾರೇ ಆಗಲಿ, ನೂರಕ್ಕೆ ಐದು ಕಡಿಮೆ. ಕಾಗದವಿಲ್ಲ, ಪುರಾವೆಯಿಲ್ಲ, ಶ್ರೀಮಂತನಿಗೂ ಉಂಟು. ಆ ಐದಕ್ಕಾಗಿ ಇಡೀ ಊರು ಬಿಸಿಲಲ್ಲಿ ಸಾಲು ನಿಲ್ಲುತ್ತದೆ. ತಿಂಗಳೆಲ್ಲ ನಾನು ಆ ಸಾಲಿನಲ್ಲಿ ಆಕೆಯ ಮುಖ ಹುಡುಕಿದೆ. ಪ್ರತಿ ವರ್ಷ ಮೊದಲ ವಾರದಲ್ಲೇ ಬರುತ್ತಿದ್ದವಳು. ಬರಲಿಲ್ಲ. ಕಡೆಯ ದಿನ ಕಿಟಕಿ ಮುಚ್ಚುವವರೆಗೂ ಬರಲಿಲ್ಲ.

ಮೇ ಒಂದು ರಜೆ. ಎರಡನೆಯ ದಿನ ಕೌಂಟರ್ ಖಾಲಿ ಹೊಡೆಯುತ್ತಿತ್ತು. ಬಾಗಿಲು ತೆಗೆಯುತ್ತಿದ್ದಂತೆ ಬಂದಳು. ಮನೆ ನಂಬರ್ ಹೇಳಿ ಹಣ ಇಟ್ಟಳು. ಏನಾದರೂ ಮಾತಾಡಬೇಕು, ಏನು ಮಾತಾಡಲಿ? ಬಾಯಿಗೆ ಬಂದದ್ದು ಕಚೇರಿಯ ಮಾತೇ.

"ಎರಡು ದಿನ ಮೊದ್ಲ ಬಂದಿದ್ರ ಐದು ಪರ್ಸೆಂಟ್ ಕಡಿಮಿ ಆಗ್ತಿತ್ತಲ್ಲ ತಂಗಿ."

ಆಕೆ ರಸೀದಿ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಹೆಸರು, ಮನೆ ನಂಬರು, ಪೂರಾ ಮೊತ್ತ. ಷರಾ ಕಾಲಂ ಖಾಲಿ.

"ಗೊತ್ತೈತ್ರಿ ಸಾರ್," ಎಂದಳು. "ಅದಕ್ಕ ಏಪ್ರಿಲ್ ಮುಗೀಲಿ ಅಂತ ಕಾಯ್ದೆ."